ಮಾವ ಬರೆದ ಮಾವಿನ ಮರ

ನಮ್ಮ ಸೋದರಮಾವ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳದೆ ಒಂದು ಹುಲ್ಲುಕಡ್ಡಿಯನ್ನೂ ಬರೆದವರಲ್ಲ! ಇದನ್ನು ಕೇಳಿ 'ಆಹಾ, ಎಂಥ ಪ್ರೇಮ' ಎಂದು ನಿಟ್ಟುಸಿರು ಬಿಡುವವರು ಬಿಡಬಹುದು. 'ಪಾಪ, ಎಂಥ ಹೆಂಡತಿಯೋ' ಎಂದು ಮರುಗುವವರು ಮರುಗಬಹುದು. ಮುಳಬಾಗಿಲಿನಲ್ಲಿ ಎರಡೂ ಪಕ್ಷದವರಿದ್ದರು. ಎರಡೂ ಪಕ್ಷದವರು ತಪ್ಪು ತಿಳಿದಿದ್ದರು ಎನ್ನುವುದು ಮನೆಯವಳೇ ಆದ ನನಗೂ ಗೊತ್ತಾಗಿದ್ದು ಬಹಳ ತಡವಾಗಿ. ಅದೂ ಒಂದು ಕಂಪ್ಯೂಟರಿನ ದಯೆಯಿಂದ.

ಮಾವ ನಾಟಕದ ಪರದೆ ಬರೆಯುವವರು. ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಪೌರಾಣಿಕ ನಾಟಕ ಆಡದ ಹಳ್ಳಿಯೇ ಇರಲಿಲ್ಲ. ಹೊಲದ ಕೆಲಸ ಮುಗಿದರೆ ಸಾಕು, ಗಂಡಸರಿಗೆಲ್ಲ ಕಿರೀಟದ ಹುಚ್ಚು ಹಿಡಿಯುತ್ತಿತ್ತು. ಕಿರೀಟವನ್ನಾದರೆ ಬಾಡಿಗೆಗೆ ತರಬಹುದು, ಅರಮನೆಯನ್ನು? ಅದಕ್ಕೆ ಮಾವನೇ ಬೇಕು. ಅರಮನೆ, ಉದ್ಯಾನ, ಬೀದಿ, ಕಾಡು, ಈ ನಾಲ್ಕು ಪರದೆಗಳಿದ್ದರೆ ಮೂರು ಲೋಕದ ಕಥೆಯನ್ನೂ ಆಡಬಹುದು ಎನ್ನುವುದು ಅವರ ಸಿದ್ಧಾಂತ.

ಬರೆದ ಪರದೆಯನ್ನು ಒಣಗಲೆಂದು ಮನೆಯ ಹಿಂದಿನ ಎರಡು ಹುಣಸೆಮರಗಳ ನಡುವೆ ಕಟ್ಟುತ್ತಿದ್ದರು. ಗಾಳಿ ಬಂದರೆ ಅರಮನೆ ಉಸಿರಾಡುತ್ತಿತ್ತು. ಕಂಬಗಳು ಹೊಟ್ಟೆ ಉಬ್ಬಿಸಿ, ಮತ್ತೆ ನಿಧಾನವಾಗಿ ಒಳಗೆಳೆದುಕೊಳ್ಳುತ್ತಿದ್ದವು. ಪಕ್ಕದ ಮನೆಯ ಮೇಕೆಗಳು ಸಿಂಹಾಸನದ ಕೆಳಗೆ ತೂರಿ, ಇಡೀ ದರ್ಬಾರನ್ನು ದಾಟಿ, ಯಾರಿಗೂ ಕೈಮುಗಿಯದೆ ಆಚೆ ಹೋಗುತ್ತಿದ್ದವು. ಚಿಕ್ಕಂದಿನಲ್ಲಿ ಶ್ರೀನಿವಾಸಪುರದಿಂದ ರಜೆಗೆ ಬಂದಾಗ ನಾನು ಉದ್ಯಾನದ ಪರದೆಯ ನೆರಳಿನಲ್ಲಿ ಮಧ್ಯಾಹ್ನದ ನಿದ್ದೆ ಮಾಡುತ್ತಿದ್ದೆ. ಕಣ್ಣು ಬಿಟ್ಟರೆ ತಲೆಯ ಮೇಲೆ ಕಾರಂಜಿ! ಮೈಯೇಕೆ ಒದ್ದೆಯಾಗಿಲ್ಲ ಎಂದು ಒಂದು ಗಳಿಗೆ ತಿಳಿಯುತ್ತಲೇ ಇರಲಿಲ್ಲ.

ಪರದೆ ಬರೆಯುವಾಗ ಮಾವ ಏಣಿಯ ಮೇಲೆ, ಅತ್ತೆ ಕೆಳಗೆ ಮಣೆಯ ಮೇಲೆ. ಅತ್ತೆಯ ಸುತ್ತ ಬಣ್ಣದ ಡಬ್ಬಗಳು. ಆಪರೇಷನ್ ಮಾಡುವ ಡಾಕ್ಟರಿಗೆ ನರ್ಸು ಕತ್ತರಿ ಕೊಟ್ಟ ಹಾಗೆ ಅತ್ತೆ ಒಂದೊಂದೇ ಬಣ್ಣ ಕಲಸಿ ಮೇಲಕ್ಕೆ ಕೊಡಬೇಕು. "ಎಲೆ" ಎಂದರೆ ಎಲೆಯ ಬಣ್ಣ ಹೋಗುತ್ತಿತ್ತು. "ತುಟಿ" ಎಂದರೆ ತುಟಿಯ ಬಣ್ಣ.

"ಮಾವ, ಡಬ್ಬ ನೀವೇ ತಗೋಬಾರ್ದಾ?" ಎಂದು ನಾನೊಮ್ಮೆ ಕೇಳಿದ್ದೆ.

"ನಾನು ಚಿತ್ರಗಾರ ಕಣಮ್ಮಾ, ಡಬ್ಬ ಎತ್ತೋನಲ್ಲ!" ಎಂದು ಏಣಿಯ ಮೇಲಿನಿಂದ ಗರ್ಜಿಸಿದ್ದರು. ಅತ್ತೆ ಮಾತ್ರ ತಲೆ ತಗ್ಗಿಸಿ ಬಣ್ಣ ಕಲಸುತ್ತಲೇ ಇದ್ದರು.

ಒಂದು ಸಲ ಅತ್ತೆ ತಂಗಿಯ ಬಾಣಂತನಕ್ಕೆಂದು ತವರೂರು ರಾಯಲ್ಪಾಡಿಗೆ ಹೋದರು. ಅದೇ ವಾರ ಗೌನಿಪಲ್ಲಿಯ ನಾಟಕದ ಮೇಷ್ಟ್ರು ಬಂದು, ಕಾಡಿನ ಪರದೆ ಅರ್ಜೆಂಟಾಗಿ ಬೇಕೆಂದು ಜಗಲಿಯ ಮೇಲೆ ಕೂತುಬಿಟ್ಟರು. ಮಾವ ದಿನಕ್ಕೊಂದು ನೆಪ ಹೇಳಿದರು. ಸೋಮವಾರ ರಾಹುಕಾಲ ಮುಗಿಯಲಿಲ್ಲ. ಮಂಗಳವಾರ ಬ್ರಷ್ಷಿನ ಕೂದಲು ಸರಿಯಿಲ್ಲ. ಬುಧವಾರ, "ಕಾಡು ಇನ್ನೂ ಕನಸಿಗೆ ಬಂದಿಲ್ಲ ಮೇಷ್ಟ್ರೇ!"

ಮೇಷ್ಟ್ರ ತಾಳ್ಮೆ ತಪ್ಪಿತು. "ಏಂ ಸಾಮೀ, ಕಾಡು ಕನಸಿಗ್ ಬರೋ ತನಕ ನಾವು ಕಾಯೋದಾ? ಶನಿವಾರ ನಮ್ಮ ರಾಜ ವನವಾಸಕ್ ಹೋಗ್ಬೇಕು. ಎಲ್ಲಿಗ್ ಕಳಿಸ್ಲಿ ಅವನ್ನ, ಬಸ್‌ಸ್ಟ್ಯಾಂಡಿಗಾ?"

ಬೇರೆ ದಾರಿಯಿಲ್ಲದೆ ಮಾವ ಹಿತ್ತಲಿನ ಬಾಗಿಲು ಹಾಕಿಕೊಂಡು ಒಬ್ಬರೇ ಬರೆದರು. ಎರಡು ದಿನ ಬಿಟ್ಟು ಪರದೆ ಬಿಚ್ಚಿದರೆ ಏನು ಹೇಳಲಿ! ಮರಗಳೆಲ್ಲ ಕೆಂಪು. ಪೊದೆಗಳು ಕೆಂಪು. ಬಳ್ಳಿಗಳು ಇಟ್ಟಿಗೆ ಗೂಡಿನಿಂದ ಈಗ ತಾನೇ ಇಳಿದು ಬಂದ ಹಾಗಿದ್ದವು. ಮೇಷ್ಟ್ರು ಬಾಯಿ ತೆರೆದು ನಿಂತರು. "ಸಾಮೀ, ಇದೇನು?"

ಮಾವ ಒಂದು ಕ್ಷಣ ಮೇಷ್ಟ್ರ ಮುಖ ನೋಡಿದರು. ಆಮೇಲೆ ಕಣ್ಣು ಮಿಟುಕಿಸದೆ, "ಕಾಡ್ಗಿಚ್ಚು" ಎಂದರು.

ಮೇಷ್ಟ್ರಿಗೆ ಮೈ ಜುಮ್ಮೆಂದಿತಂತೆ. ನಾಟಕಕ್ಕೆ ಹೊಸದಾಗಿ ಒಂದು ಕಾಡ್ಗಿಚ್ಚಿನ ದೃಶ್ಯವನ್ನೇ ಸೇರಿಸಿ, ಅದಕ್ಕೊಂದು ಹಾಡನ್ನೂ ಕಟ್ಟಿಬಿಟ್ಟರು! ಅಂದಿನಿಂದ ಆ ಊರಿನ ರಾಜ ವನವಾಸಕ್ಕೆ ಹೊರಡುವಾಗ ಬಿಲ್ಲು ಬಾಣದ ಜೊತೆ ಒಂದು ಬಿಂದಿಗೆ ನೀರನ್ನೂ ಹೊತ್ತುಕೊಂಡೇ ಹೋಗುತ್ತಾನೆಂದು ಕೇಳಿದ್ದೇನೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಮುಳಬಾಗಿಲಿಗೂ ಕಂಪ್ಯೂಟರು ಬಂತು. ಬಟ್ಟೆ ಅಂಗಡಿಯೊಂದರ ಮಹಡಿಯಲ್ಲಿ ತರಬೇತಿ ಕೇಂದ್ರ ತೆರೆದರು. ಆರು ಕಂಪ್ಯೂಟರು, ಒಂದು ಏಸಿ, ಕಲಿಸಲು ಒಬ್ಬಳು ನಾನು. ಕೋಲಾರದಲ್ಲಿ ಆರು ತಿಂಗಳ ಕೋರ್ಸು ಮಾಡಿದ ಧೈರ್ಯದಲ್ಲಿ ನಾನು 'ಕಂಪ್ಯೂಟರ್ ಮೇಡಂ' ಆಗಿ, ಮಾವನ ಮನೆಯಲ್ಲೇ ಉಳಿದುಕೊಂಡೆ. ಸೋದರಸೊಸೆಯ ವೈಭವ ನೋಡಲೆಂದು ಮಾವ ಒಂದು ಮಧ್ಯಾಹ್ನ ಅತ್ತೆಯ ಜೊತೆ ಬಂದರು. ಚಪ್ಪಲಿ ಹೊರಗೆ ಬಿಡಿ ಎಂದಿದ್ದಕ್ಕೆ, ಕಾಲು ತೊಳೆಯಲು ನೀರೆಲ್ಲಿ ಎಂದು ಕೇಳಿದರು!

ಚಿತ್ರ ಬರೆಯುವ ಪ್ರೋಗ್ರಾಂ ತೆರೆದು ನಾನೊಂದು ಬೆಟ್ಟದ ಗೆರೆ ಎಳೆದೆ. ಬಣ್ಣದ ಬಕೆಟ್ಟಿನ ಗುರುತು ಒತ್ತಿ, ಬೆಟ್ಟದ ಮೇಲಿನ ಖಾಲಿ ಜಾಗದಲ್ಲಿ ಒಂದು ಸಲ 'ಟಿಕ್' ಎನ್ನಿಸಿದೆ. ಇಡೀ ಆಕಾಶ ನೀಲಿಯಾಯಿತು. ಮಾವ ಕುರ್ಚಿಯ ಕೈ ಹಿಡಿದುಕೊಂಡರು.

"ಇನ್ನೊಂದ್ಸಲ ಮಾಡು."

ಮಾಡಿದೆ.

"ಲೇ, ನಂಗೆ ಆಕಾಶ ತುಂಬಕ್ಕೆ ಎರಡು ದಿನ ಬೇಕು ಕಣೇ! ಕತ್ತು ನೋವು ಬೇರೆ!" ಎಂದರು. ಆ ನೀಲಿಯನ್ನೇ ನೋಡುತ್ತಾ, ಅದರೊಳಗೆ ಎಲ್ಲೋ ದೂರ ನಡೆದು ಹೋದವರಂತೆ ಕೂತಿದ್ದರು. ಅತ್ತೆ ಭುಜ ಮುಟ್ಟಿ ಕರೆದ ಮೇಲೇ ವಾಪಸು ಬಂದರು.

ಮರುದಿನದಿಂದ ಬ್ಯಾಚು ಇಲ್ಲದ ಮಧ್ಯಾಹ್ನಗಳಲ್ಲಿ ಮಾವ ನನ್ನ ವಿದ್ಯಾರ್ಥಿ. ಅತ್ತೆ ಏಸಿಯ ಚಳಿಗೆ ಸೆರಗು ಹೊದ್ದು ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ. ಮೌಸ್ ಅನ್ನು ಮಾವ ಮೊದಲು ಬ್ರಷ್ಷಿನ ಹಾಗೆ ಎತ್ತಿ ನೇರವಾಗಿ ಕಂಪ್ಯೂಟರಿನ ಪರದೆಗೇ ಒತ್ತಿದರು. ಅದು ಮೇಜಿನ ಮೇಲೆಯೇ ಓಡಬೇಕು ಎಂದಾಗ, "ಕೈ ಇಲ್ಲಿ, ಚಿತ್ರ ಅಲ್ಲಿ! ಇದೇನು, ಕನಸಲ್ಲಿ ಬರೆದ ಹಾಗೆ?" ಎಂದರು.

ಅವರನ್ನು ನಿಜವಾಗಿ ಮರುಳು ಮಾಡಿದ್ದು ಮಾತ್ರ ತಪ್ಪನ್ನು ಅಳಿಸುವ ವಿದ್ಯೆ. ಎರಡು ಗುಂಡಿ ಒತ್ತಿದರೆ ಎಳೆದ ಗೆರೆ ಎಳೆಯದೇ ಇದ್ದ ಹಾಗೆ ಆಗುತ್ತದೆ! ಮಾವ ಬೇಕೆಂದೇ ರಾಜನಿಗೆ ಮೂರು ಕೈ ಬರೆದು ಅಳಿಸಿದರು. ಕುದುರೆಗೆ ಕೊಂಬು ಇಟ್ಟು ತೆಗೆದರು. ಕೊನೆಗೆ ಗುಟ್ಟಿನ ದನಿಯಲ್ಲಿ ಕೇಳಿದರು, "ಹೋದ ವರ್ಷ ಹಬ್ಬದಲ್ಲಿ ನಿಮ್ಮಪ್ಪಂಗೆ ನಾನೇನೋ ಒಂದು ಮಾತಂದಿದ್ದೆ. ಅಷ್ಟು ಹಿಂದಕ್ಕೆ ಹೋಗುತ್ತಾ ಇದು?"

ಹೋಗಲ್ಲ ಎಂದೆ. ನಿರಾಸೆಯಾಯಿತು ಅವರಿಗೆ. ನಮ್ಮಪ್ಪನಿಗೂ ಆಗಿರಬಹುದು.

ಹೀಗೆ ಹದಿನೈದು ದಿನ ಕಳೆದಿರಬೇಕು, ಅತ್ತೆಗೆ ಮತ್ತೆ ರಾಯಲ್ಪಾಡಿಗೆ ಹೋಗಬೇಕಾಗಿ ಬಂತು. ಆ ಮಧ್ಯಾಹ್ನ ಮಾವ ಒಬ್ಬರೇ ಬಂದು ಕೂತರು. ನಾನು ಆಚೆ ಯಾವುದೋ ಸರ್ಟಿಫಿಕೇಟು ಟೈಪು ಮಾಡುತ್ತಿದ್ದೆ. ಒಂದು ಗಂಟೆ ಬಿಟ್ಟು ಬಂದು ನೋಡಿದರೆ ಪರದೆಯ ತುಂಬ ಒಂದು ಮಾವಿನ ಮರ! ಗೆರೆಗಳು ಎಷ್ಟು ಚೆಂದ ಎಂದರೆ ಕೊಂಬೆ ಹಿಡಿದು ಹತ್ತಬಹುದು. ಆದರೆ ಎಲೆಗಳು? ಕಡುಗೆಂಪು.

"ಮಾವ, ಎಲೆ ಯಾಕೆ ಕೆಂಪಗಿದೆ?"

ಮೌಸ್ ನಿಂತಿತು. "ಚಿಗುರು ಕಣಮ್ಮಾ. ಮಾವು ಕೆಂಪಗೇ ಅಲ್ವಾ ಚಿಗುರೋದು?"

ಉತ್ತರ ಚೆನ್ನಾಗಿತ್ತು. ಮಾವಿನ ಸೀಮೆಯಲ್ಲಿ ಹುಟ್ಟಿದ ನಾನು ಒಪ್ಪಿಯೂ ಬಿಡುತ್ತಿದ್ದೆ.

"ಹುಲ್ಲೂ ಚಿಗುರಾ ಮಾವ? ಗಿಳೀನೂ?"

ಮಾವ ಬಾಗಿಲ ಕಡೆ ನೋಡಿದರು. ಯಾರೂ ಇರಲಿಲ್ಲ. ಏಸಿ ಮಾತ್ರ ಗುಂಯ್‌ಗುಡುತ್ತಿತ್ತು. ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಶಾಲೆಯಲ್ಲಿ ಸಿಕ್ಕಿಬಿದ್ದ ಹುಡುಗನ ಹಾಗೆ, "ನಂಗೆ ಗೊತ್ತಾಗಲ್ಲ ಕಣಮ್ಮಾ" ಎಂದರು. "ಹಸಿರು ಯಾವ್ದು, ಕೆಂಪು ಯಾವ್ದು, ನಂಗೆ ಹುಟ್ಟಿದಾಗಿಂದ ಗೊತ್ತಾಗಲ್ಲ."

ನನಗೆ ನಗು ಬರಲಿಲ್ಲ. ನಾಲ್ಕು ತಾಲ್ಲೂಕಿನ ಕಾಡುಗಳನ್ನೆಲ್ಲ ಹಸಿರು ಮಾಡಿದ ಮನುಷ್ಯ ಇವರು!

ಆಮೇಲೆ ಎಲ್ಲ ಹೇಳಿದರು. ಅವರಪ್ಪನೂ ಚಿತ್ರಗಾರರೇ. ಹುಡುಗ ಬೇಕೆಂದೇ ತಪ್ಪು ಬಣ್ಣ ಹಚ್ಚುತ್ತಾನೆಂದು ಬ್ರಷ್ಷಿನ ಹಿಡಿಯಲ್ಲೇ ಬಾರಿಸುತ್ತಿದ್ದರಂತೆ. ಗೆರೆ ಮಾತ್ರ ಕೈಯಲ್ಲಿ ತಾನಾಗಿ ಹರಿಯುತ್ತಿತ್ತು, ಅದನ್ನು ಬಿಡಲಾಗಲಿಲ್ಲ. ಮದುವೆಯಾದ ಹೊಸದರಲ್ಲಿ ಅತ್ತೆ ಪೆಟ್ಟಿಗೆಯಿಂದ ಹಸಿರು ರವಿಕೆ ತಂದುಕೊಡಿ ಎಂದಾಗ ಇವರು ಕೆಂಪು ತಂದರು. ಅತ್ತೆ ಸರಸವೆಂದುಕೊಂಡು ನಕ್ಕು, ಮತ್ತೆ ಕೇಳಿದರು. ಇವರು ಮತ್ತೆ ಇನ್ನೊಂದು ಕೆಂಪನ್ನೇ ತಂದರು. ಅತ್ತೆ ಇವರ ಮುಖ ನೋಡಿ ನಗು ನಿಲ್ಲಿಸಿದರು. ಏನೂ ಕೇಳಲಿಲ್ಲ.

"ಮಾರನೇ ದಿನ ಮಣೆ ತಂದು ಡಬ್ಬಗಳ ಹತ್ರ ಕೂತ್ಕೊಂಡ್ಳು. ಮೂವತ್ತು ವರ್ಷ ಆಯ್ತು. ಒಂದು ದಿನ ಅದರ ಬಗ್ಗೆ ಮಾತಾಡಿಲ್ಲ ನಾವು" ಎಂದರು ಮಾವ.

ಹೇಳಲು ಏನೂ ತೋಚದೇ ಇದ್ದಾಗ ಮೇಡಂಗಳು ಪಾಠ ಮಾಡುತ್ತಾರೆ. ಬಣ್ಣದ ಪೆಟ್ಟಿಗೆ ತೆರೆದು ತೋರಿಸಿದೆ. "ನೋಡಿ ಮಾವ, ಇಲ್ಲಿ ಪ್ರತಿ ಬಣ್ಣಕ್ಕೂ ಮೂರು ನಂಬರ್ ಇರುತ್ತೆ. ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು ಅಂತ. ಈ ಔಷಧಿ ಹನಿಸೋ ಗೊಟ್ಟದ ಗುರುತು ತಗೊಂಡು ಯಾವ ಬಣ್ಣದ ಮೇಲೆ ಒತ್ತಿದ್ರೂ ಅದೇ ಹೇಳುತ್ತೆ."

"ಯಾರನ್ನೂ ಕೇಳೋ ಹಂಗಿಲ್ವಾ?"

"ಇಲ್ಲ."

ಮಾವ ಕನ್ನಡಕ ತೆಗೆದು ಪಂಚೆಯ ಚುಂಗಿನಲ್ಲಿ ಒರೆಸಿದರು. ಬಹಳ ಹೊತ್ತು ಒರೆಸಿದರು.

ಅಲ್ಲಿಂದ ಶುರುವಾಯಿತು ನೋಡಿ! ಎಲೆ, ಇಟ್ಟಿಗೆ, ಕನಕಾಂಬರ, ಗಿಳಿ, ಹೀಗೆ ನಾನು ಬಣ್ಣ ಹುಡುಕಿ ತೋರಿಸಿದ್ದು, ಅವರು ನಂಬರು ಬರೆದುಕೊಂಡಿದ್ದು. ಒಂದು ನೋಟ್‌ಬುಕ್ಕೇ ತುಂಬಿತು. ಬೆಳಿಗ್ಗೆ ಸ್ನಾನ ಮಾಡುತ್ತಾ ಮಗ್ಗಿಯ ಹಾಗೆ ಬಾಯಿಪಾಠ ಮಾಡುತ್ತಿದ್ದರು. ಜಗತ್ತನ್ನೇ ನಂಬರಿನಲ್ಲಿ ಕಾಣತೊಡಗಿದರು. ಸಂತೆಯಲ್ಲಿ ಟೊಮ್ಯಾಟೊ ಎತ್ತಿ ಹಿಡಿದು ಮಾರುವವನನ್ನು ಕೇಳಿದರು, "ಇದು ಇನ್ನೂರಾ ಇಪ್ಪತ್ತಕ್ಕೆ ಬಂದಿದೆಯೇನಪ್ಪಾ?"

ಅವನು ಹಣೆ ಚಚ್ಚಿಕೊಂಡ. "ಅಯ್ಯೋ ಸಾಮೀ, ಬಾಕ್ಸು ಎಂಬತ್ತಕ್ಕೂ ಯಾರೂ ಕೇಳ್ತಿಲ್ಲ. ಆ ರೇಟು ಯಾವ ಮಾರ್ಕೆಟ್ಟಲ್ಲಿ ಸಿಕ್ತು? ನಾನೂ ಬರ್ತೀನಿ ನಡೀರಿ!"

ಊರಿಗೆ ವಾಪಸಾದ ಅತ್ತೆ ಒಂದು ವಾರ ಕೇಂದ್ರಕ್ಕೆ ಬಂದು ಎಂದಿನಂತೆ ಪಕ್ಕದಲ್ಲಿ ಕೂತರು. ಮಾವ ಏನನ್ನೂ ಕೇಳಲಿಲ್ಲ. ನೋಟ್‌ಬುಕ್ ನೋಡಿ, ನಂಬರು ಒತ್ತಿ, ತಾವೇ ಹಚ್ಚಿದರು. ಎಲೆ ಹಸಿರಾಗಿಯೇ ಬಂತು. ಅತ್ತೆ ಅದನ್ನು ನೋಡಿದರು, ನೋಟ್‌ಬುಕ್ ನೋಡಿದರು, ನನ್ನ ಮುಖವನ್ನೂ ನೋಡಿದರು. ನನಗೆ ಗೊತ್ತಾಗಿದೆ ಎಂದು ಅವರಿಗೆ ಗೊತ್ತಾಯಿತು. ಆಮೇಲೆ ಬರುವುದನ್ನು ನಿಲ್ಲಿಸಿದರು.

"ಯಾಕತ್ತೆ ಬರಲ್ಲ?" ಎಂದು ಕೇಳಿದೆ.

"ಏಮುಂದಮ್ಮಾ ಅಲ್ಲಿ, ನಂಗೇನಿದೆ ಕೆಲಸ? ಏಸಿ ಗಾಳಿಗೆ ಮಂಡಿ ಹಿಡ್ಕೊಳ್ಳುತ್ತೆ" ಎಂದು ತವರಿನ ತೆಲುಗು ಬೆರೆಸಿ ನಕ್ಕರು. ಆ ದಿನಗಳಲ್ಲಿ ಅವರು ಮನೆಯನ್ನು ದಿನಕ್ಕೆ ಮೂರು ಸಲ ಗುಡಿಸುತ್ತಿದ್ದರು. ಹಿತ್ತಲಿನ ಹುಣಸೆಮರಗಳ ನಡುವೆ ಈಗ ಏನೂ ತೂಗುತ್ತಿರಲಿಲ್ಲ. ಮೇಕೆಗಳು ಬಂದು, ದಾಟಲು ದರ್ಬಾರಿಲ್ಲದೆ, ಸುಮ್ಮನೆ ನಿಂತು ಹೋಗುತ್ತಿದ್ದವು.

ಅಷ್ಟರಲ್ಲಿ ಗೌನಿಪಲ್ಲಿಯ ಮೇಷ್ಟ್ರು ಮತ್ತೆ ಬಂದರು. ಈ ಸಲ ಉದ್ಯಾನದ ಪರದೆ ಬೇಕು, ಅದೂ ಹೊಸ ಫ್ಯಾಷನ್ನಿನ ಫ್ಲೆಕ್ಸಿನಲ್ಲಿ! ಮಾವ ಒಂದು ತಿಂಗಳು ಕೂತು ಬರೆದರು. ಕಂಪ್ಯೂಟರಿನಲ್ಲಿ ಆ ಉದ್ಯಾನವನ್ನು ನೋಡಿದವರು ಅಲ್ಲೇ ಕೂತುಬಿಡುತ್ತಿದ್ದರು. ಕೊಳದ ನೀರಿನಲ್ಲಿ ಮಂಟಪದ ನೆರಳು, ನೆರಳಿನೊಳಗೆ ಒಂದು ನವಿಲು, ನವಿಲಿನ ಕತ್ತಿನಲ್ಲಿ ಮುಂಜಾವಿನ ಬೆಳಕು. ಟೈಪಿಂಗಿಗೆ ಬಂದ ಹುಡುಗಿಯರು ಟೈಪಿಂಗು ಬಿಟ್ಟು ಆ ಕೊಳದ ದಡದಲ್ಲಿ ಕಾಲಹರಣ ಮಾಡಿದರು. ಮೂವತ್ತು ವರ್ಷದಲ್ಲಿ ಮೊದಲ ಸಲ, ಅತ್ತೆಯ ಕಣ್ಣನ್ನು ಎರವಲು ಪಡೆಯದೆ ಮಾವ ಸರಿಯಾಗಿ ಬಣ್ಣ ಹಚ್ಚಿದ ಚಿತ್ರ ಅದು.

ಸಿ.ಡಿ. ಹಿಡಿದು ಕೋಲಾರಕ್ಕೆ ಹೋಗಿ, ಫ್ಲೆಕ್ಸ್ ಅಂಗಡಿಯಲ್ಲಿ ಮೊದಲು ಕಾಲು ಭಾಗ ಮಾತ್ರ ಮುದ್ರಿಸಿಕೊಂಡು ತಂದರು. ಹಿತ್ತಲಿನಲ್ಲಿ ಹಾಸಿ, ಸೊಂಟದ ಮೇಲೆ ಕೈಯಿಟ್ಟು ನಿಂತು, ಅತ್ತೆಯನ್ನು ಕರೆದರು. "ಬಾರೇ ಇಲ್ಲಿ. ನೋಡು, ಹೆಂಗಿದೆ?"

ನಾನೂ ಹಿಂದೆಯೇ ಹೋದೆ. ಕಂಪ್ಯೂಟರಿನ ಬಣ್ಣವೇ ಬೇರೆ, ಮುದ್ರಣದ ಬಣ್ಣವೇ ಬೇರೆ ಎನ್ನುವುದನ್ನು ನಾನು ಅವರಿಗೆ ಹೇಳಿಯೇ ಇರಲಿಲ್ಲ. ಯಾಕೆಂದರೆ ನನಗೂ ಗೊತ್ತಿರಲಿಲ್ಲ! ಹುಲ್ಲು ಹಳಸಿದ ಹಾಗೆ ಕಂದಿತ್ತು. ತಾವರೆ ಬೀಟ್‌ರೂಟಾಗಿತ್ತು. ಮಾವ ಮಾತ್ರ ಮುಗುಳ್ನಗುತ್ತಾ ನಿಂತಿದ್ದರು. ಅವರ ಕಣ್ಣಿಗೆ ಎಲ್ಲ ಸರಿಯಾಗಿಯೇ ಇತ್ತು.

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. 'ಬಾಗುಂದಿ, ಚೆನ್ನಾಗಿದೆ' ಎಂದು ಒಂದು ಮಾತು ಹೇಳಿ ಒಳಗೆ ಹೋಗಿಬಿಡಬಹುದಿತ್ತು. ಊರಿನವರೇ ನಗಲಿ ಎಂದು ಬಿಡಬಹುದಿತ್ತು. ಕೊನೆಗೆ ಮೆಲ್ಲಗೆ, "ಏಮಂಡಿ, ಹುಲ್ಲಿಗೆ ಮೈ ಸರಿಯಿಲ್ಲ" ಎಂದರು.

ಮಾವನ ಮುಖ ಬಿಗಿಯಿತು. "ಏನು? ನಂಬರ್ ನೋಡೇ ಹಾಕಿದ್ದೀನಿ! ಕಂಪ್ಯೂಟರ್ ಸುಳ್ಳು ಹೇಳುತ್ತಾ?"

"ಕಂಪ್ಯೂಟರ್ ಹೇಳಲ್ಲ. ಇದು ಹೇಳ್ತಿದೆ."

"ನಿಂಗೆ ಹೊಟ್ಟೆಕಿಚ್ಚು ಕಣೇ! ನೀನಿಲ್ದೆ ಬರೆದ್ನಲ್ಲಾ, ಅದಕ್ಕೆ!"

ಹಾಗೆಂದವರೇ ನನ್ನ ಕಡೆ ತಿರುಗಿದರು. "ನೀನ್ ಹೇಳಮ್ಮಾ. ಹೆಂಗಿದೆ?"

ಅಂಥ ಪ್ರಶ್ನೆಯನ್ನು ಯಾವ ಪರೀಕ್ಷೆಯಲ್ಲೂ ಕೇಳಬಾರದು. "ಅತ್ತೆ ಹೇಳಿದ್ದು ನಿಜ ಮಾವ" ಎಂದೆ.

ಮಾವ ಅಲ್ಲೇ ಒಗೆಯುವ ಕಲ್ಲಿನ ಮೇಲೆ ಕೂತರು. ತಮ್ಮ ಉದ್ಯಾನವನ್ನು ನೋಡಿದರು. ಎಷ್ಟು ನೋಡಿದರೂ ಅವರಿಗೆ ಅದರಲ್ಲಿ ತಪ್ಪು ಕಾಣುತ್ತಿರಲಿಲ್ಲ. ಅದಕ್ಕಿಂತ ಕಷ್ಟ ಇನ್ನೇನಿದೆ ಹೇಳಿ? ಕೊನೆಗೆ, "ಅಂದ್ರೆ ಆಗಲ್ಲ ನನ್ ಕೈಲಿ" ಎಂದರು. ಗೆದ್ದ ಅತ್ತೆಯ ಮುಖದಲ್ಲಿ ಗೆಲುವು ಹುಡುಕಿದೆ, ಸಿಗಲಿಲ್ಲ. ಅವರು ಒಳಗೆ ಹೋಗಿ ಕಾಫಿ ಮಾಡಿ ತಂದು, ಲೋಟವನ್ನು ಮಾವನ ಕೈಗಿಟ್ಟು, "ನಾಳೆ ಕೋಲಾರಕ್ಕೆ ಹೋಗಣ. ನಾನೂ ಬರ್ತೀನಿ" ಎಂದರು.

ಮರುದಿನ ಫ್ಲೆಕ್ಸ್ ಅಂಗಡಿಯಲ್ಲಿ ಅತ್ತೆಯನ್ನು ನೋಡಬೇಕಿತ್ತು ನೀವು! ಯಂತ್ರದ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತರು. ಅಂಗಡಿಯವನು ಅಂಗೈಯಗಲ ತುಂಡು ಮುದ್ರಿಸಿ ತೋರಿಸುವುದು, ಅತ್ತೆ ಅದನ್ನು ಬಾಗಿಲ ಬಿಸಿಲಿಗೆ ಒಯ್ದು ನೋಡಿ ತೀರ್ಪು ಕೊಡುವುದು.

"ಹುಲ್ಲಿಗೆ ಅರಿಶಿನ ಸಾಲ್ದು. ತಾವರೆಗೆ ನೀಲಿ ಜಾಸ್ತಿ ಆಯ್ತು, ತೆಗೀರಿ. ನವಿಲಿನ ಕತ್ತು ಪರವಾಲೇದು. ಅಲ್ಲ, ಒಂಚೂರು ಎಣ್ಣೆ ಹಚ್ಚಿದಂಗ್ ಮಿನುಗ್ಬೇಕು."

"ಅಮ್ಮಾ, ಇದ್ರಲ್ಲಿ ಎಣ್ಣೆ ಆಪ್ಷನ್ ಇಲ್ಲ" ಎಂದ ಅವನು, ಅಳುವ ದನಿಯಲ್ಲಿ.

ಹನ್ನೊಂದನೆಯ ತುಂಡಿಗೆ ಹುಲ್ಲು ಗುಣವಾಯಿತು. ಅಂಗಡಿಯವನು ಬೆರಗಾಗಿ ಕೇಳಿದ, "ಎಲ್ಲಿ ಕಲಿತ್ರಮ್ಮಾ ಇದನ್ನ? ಯಾವ ಕಾಲೇಜು?"

"ರಾಯಲ್ಪಾಡು ಮಾವಿನ ತೋಪು" ಎಂದರು ಅತ್ತೆ.

ಅವನು ಮಾವನ ಕಡೆ ತಿರುಗಿದ. "ನೀವೇನಂತೀರಾ ಸಾರ್? ಆರ್ಟಿಸ್ಟು ನೀವಲ್ವಾ? ಫೈನಲ್ ಮಾಡ್ಲಾ?"

ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ಮಾವ ಗಂಟಲು ಸರಿಮಾಡಿಕೊಂಡರು. "ಗೆರೆ ಮಾತ್ರ ನಂದಪ್ಪಾ. ಬಣ್ಣ ಅವಳದು. ನಂಗೆ ಬಣ್ಣ ಕಾಣಲ್ಲ" ಎಂದರು. ಜೋರಾಗಿಯೇ ಅಂದರು. ಯಂತ್ರ ತನ್ನ ಪಾಡಿಗೆ ತಾನು ಓಡುತ್ತಿತ್ತು. ಅತ್ತೆ ಕೈಯಲ್ಲಿದ್ದ ಹುಲ್ಲಿನ ತುಂಡನ್ನೇ ನೋಡುತ್ತಿದ್ದರು.

ಉದ್ಯಾನ ಗೌನಿಪಲ್ಲಿಗೆ ಹೋಯಿತು, ಹೆಸರು ಮಾಡಿತು. ಅದಾಗಿ ಒಂದು ವಾರಕ್ಕೆ, ಮಾವ ಕಂಪ್ಯೂಟರಿನ ಮುಂದೆ ಕೂತಿದ್ದ ಒಂದು ಮಧ್ಯಾಹ್ನ, ಅತ್ತೆ ಹೇಳದೆ ಕೇಳದೆ ಮೆಟ್ಟಿಲು ಹತ್ತಿ ಬಂದರು. ಕೂರಲಿಲ್ಲ. ಮಾವನ ಕುರ್ಚಿಯ ಹಿಂದೆ ನಿಂತು, ಇಷ್ಟು ವರ್ಷ ಕೇಳದೇ ಉಳಿದಿದ್ದನ್ನು ಕೇಳಿದರು.

"ಏಮಂಡಿ, ನಿಮಗೆ ಹೆಂಗ್ ಕಾಣ್ಸುತ್ತೆ? ಅದನ್ನ ಇದ್ರಲ್ಲಿ ತೋರ್ಸಕ್ಕಾಗುತ್ತಾ?"

ಮಾವ ತಿರುಗಿ ನೋಡಲಿಲ್ಲ. ನೋಟ್‌ಬುಕ್ ಮುಚ್ಚಿ ಬದಿಗಿಟ್ಟರು. ಬರೆಯತೊಡಗಿದರು. ರಾಯಲ್ಪಾಡಿನ ಒಂದು ಹಂಚಿನ ಮನೆ, ಅದರ ಮುಂದೆ ಮಾವಿನ ಮರ, ಪಕ್ಕದಲ್ಲಿ ದಾಸವಾಳದ ಗಿಡ, ಬಾಗಿಲಲ್ಲಿ ಕಾಫಿ ತಟ್ಟೆ ಹಿಡಿದು ನಿಂತ ಒಬ್ಬಳು ಹುಡುಗಿ. ಹೆಣ್ಣು ನೋಡಲು ಹೋದ ದಿನ ಅದು. ಮರಕ್ಕೂ ಹೂವಿಗೂ ಹಂಚಿಗೂ ಸೀರೆಗೂ ಹುಡುಕಿ ಹುಡುಕಿ ಒಂದೇ ಬಣ್ಣ ಹಚ್ಚಿದರು. ಕಟಾವಿಗೆ ಬಂದ ರಾಗಿ ಹೊಲದ ಮೇಲೆ ಸಂಜೆಯ ಬಿಸಿಲು ಬಿದ್ದರೆ ಇರುತ್ತದಲ್ಲ, ಅಂಥ ಬಣ್ಣ. ಆ ಹೊಂಬಣ್ಣದ ನಡುವೆ ಹುಡುಗಿಯ ಮುಖವೊಂದೇ ಗೆರೆಗೆರೆಯಾಗಿ, ಸ್ಪಷ್ಟವಾಗಿ ಎದ್ದು ಬಂತು.

ಅತ್ತೆ ಬಗ್ಗಿ ನೋಡಿದರು. "ಅವತ್ತು ನಾನು ಕೆಂಪು ಸೀರೆ ಉಟ್ಟಿದ್ದೆ. ಹಸಿರಂಚು. ಅಮ್ಮ ಎಷ್ಟು ಹುಡುಕಿ ತಂದಿದ್ರು ಗೊತ್ತಾ! ಅಂಚೆಲ್ಲಿ?"

"ಕಾಣ್ಲಿಲ್ಲ."

"ಮತ್ತೆ ಅಷ್ಟು ಹೊತ್ತು ಏನ್ ನೋಡ್ತಿದ್ರಿ?"

"ನಿನ್ನ ಮುಖ" ಎಂದರು ಮಾವ. "ಬೇರೆ ಯಾವ್ದೂ ಅಡ್ಡ ಬರ್ಲಿಲ್ಲ."

ಅತ್ತೆ ಕೈ ಚಾಚಿ ಪರದೆಯ ಮೇಲಿನ ಆ ಮರವನ್ನು ಮುಟ್ಟಿದರು. ಹೂವನ್ನು ಮುಟ್ಟಿದರು. "ಏಮಂಡಿ, ಇಷ್ಟು ವರ್ಷ ನೀವು ಸುಗ್ಗಿಯೊಳಗೇ ಇದ್ರಲ್ಲ... ನನ್ನೂ ಒಂದ್ಸಲ ಕರೀಬಾರ್ದಿತ್ತಾ?"

ಮಾವ ತಮ್ಮ ಕುರ್ಚಿಯನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿ, ಅವರಿಗೆ ಜಾಗ ಮಾಡಿಕೊಟ್ಟರು.